ಗಡಿಯಾರ ನಿಂತ ಮೇಲೆ ಸಿಕ್ಕ ಕಪ್

2015ರ ಅಕ್ಟೋಬರ್ 4, ಭಾನುವಾರ ರಾತ್ರಿ. ಸಿಡ್ನಿಯ ಒಲಿಂಪಿಕ್ ಪಾರ್ಕ್ ಕ್ರೀಡಾಂಗಣದಲ್ಲಿ 82,758 ಜನ. ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್‌ನ ಗ್ರ್ಯಾಂಡ್ ಫೈನಲ್ ಮುಗಿಯಲು ಇನ್ನು ಕೆಲವೇ ಸೆಕೆಂಡು. ಬ್ರಿಸ್ಬೇನ್ ಬ್ರಾಂಕೋಸ್ 16, ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 12. ಚೆಂಡು ಕೌಬಾಯ್ಸ್ ಕೈಯಲ್ಲಿದೆ, ಆದರೆ ಮಧ್ಯಂತರದ ನಂತರ ಅವರಿಗೆ ಒಂದು ಅಂಕವೂ ದಕ್ಕಿಲ್ಲ.

ಆ ಕೆಲವು ಸೆಕೆಂಡುಗಳ ಭಾರ ತಿಳಿಯಬೇಕಾದರೆ ಆಟದ ಲೆಕ್ಕ ತಿಳಿದಿರಬೇಕು. ರಗ್ಬಿ ಲೀಗ್‌ನಲ್ಲಿ ತಂಡಕ್ಕೆ 13 ಮಂದಿ. ಚೆಂಡು ಹಿಡಿದ ತಂಡವನ್ನು ಎದುರಾಳಿಗಳು ಆರು ಸಲ ಕೆಡವುವವರೆಗೆ ಅವಕಾಶ. ಆರನೆಯದಾದರೆ ಚೆಂಡು ಆ ಕಡೆಗೆ. ಅದಕ್ಕೇ ಐದನೇ ಟ್ಯಾಕಲ್ ಆದಮೇಲೆ ಸಾಮಾನ್ಯವಾಗಿ ಚೆಂಡನ್ನು ಒದ್ದುಬಿಡುತ್ತಾರೆ. ಗೋಲ್ ಸಾಲು ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 4 ಅಂಕ. ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2. ಪೆನಾಲ್ಟಿ ಗೋಲಿಗೂ 2. ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುವ ಕ್ಷಣಕ್ಕೆ ಒದೆಯುವ ಫೀಲ್ಡ್ ಗೋಲಿಗೆ 2015ರಲ್ಲಿ 1. ಈ ಒಂದು ಅಂಕವನ್ನು ಹೊಸದಾಗಿ ನೋಡುವವರು ಕಡೆಗಣಿಸುತ್ತಾರೆ. ಕೌಬಾಯ್ಸ್‌ನ ಆ ಇಡೀ ವರ್ಷ ನಿಂತದ್ದು ಅದರ ಮೇಲೆಯೇ.

ಟೌನ್ಸ್‌ವಿಲ್ ಬ್ರಿಸ್ಬೇನ್‌ನಿಂದ ರಸ್ತೆಯಲ್ಲಿ 1,300 ಕಿಲೋಮೀಟರಿಗೂ ದೂರದ ಉತ್ತರದ ಊರು. ಅಲ್ಲಿನ ತಂಡವಾದ ಕೌಬಾಯ್ಸ್ ಸ್ಪರ್ಧೆಗೆ ಬಂದದ್ದು 1995ರಲ್ಲಿ. ಹೊರಗಿನ ಪ್ರತಿ ಪಂದ್ಯಕ್ಕೂ ವಿಮಾನ ಹತ್ತಬೇಕು, ಇಳಿದು ಮತ್ತೆ ಮೈ ಸರಿಮಾಡಿಕೊಳ್ಳಬೇಕು. 2005ರಲ್ಲಿ ಮೊದಲ ಸಲ ಫೈನಲ್ ತಲುಪಿ ವೆಸ್ಟ್ಸ್ ಟೈಗರ್ಸ್‌ಗೆ 30-16ರಿಂದ ಸೋತಿತು. ಆ ಫೈನಲ್‌ನಲ್ಲಿದ್ದ ಜೊನಾಥನ್ ಥರ್ಸ್ಟನ್ ಹತ್ತು ವರ್ಷದ ನಂತರವೂ ಅದೇ ತಂಡದ ಹಾಫ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸುವ ಆಟಗಾರ; ಮ್ಯಾಟ್ ಸ್ಕಾಟ್ ಜೊತೆಗೆ ನಾಯಕ. ಅವನ ಹೆಸರಿನಲ್ಲಿ 2004ರ ಒಂದು ಪ್ರಶಸ್ತಿ ಇತ್ತು, ನಿಜ. ಬುಲ್‌ಡಾಗ್ಸ್ ಪರ ಬದಲಿ ಆಟಗಾರನಾಗಿ ಆಡಿ ಗೆದ್ದದ್ದು. ಗಾಯದಿಂದ ಆ ಫೈನಲ್ ತಪ್ಪಿಸಿಕೊಂಡ ನಾಯಕ ಸ್ಟೀವ್ ಪ್ರೈಸ್‌ಗೆ ಗೆದ್ದವರಿಗೆ ಸಿಗುವ ತನ್ನ ಉಂಗುರವನ್ನೇ ಕೊಟ್ಟುಬಿಟ್ಟಿದ್ದ.

2015ರ ಆರಂಭ ನೋಡಿದವರು ಯಾರೂ ಇವರನ್ನು ಗೆಲ್ಲುವವರ ಪಟ್ಟಿಯಲ್ಲಿ ಇಟ್ಟಿರಲಿಕ್ಕಿಲ್ಲ. ಮೊದಲ ಮೂರೂ ಪಂದ್ಯ ಸೋಲು. ಮೂರನೆಯದರಲ್ಲಿ ಇದೇ ಬ್ರಾಂಕೋಸ್ 44 ಅಂಕ ಬಾರಿಸಿತು. ನಾಲ್ಕನೇ ಪಂದ್ಯ ಮೆಲ್ಬರ್ನ್ ಸ್ಟಾರ್ಮ್ ವಿರುದ್ಧ, ಅವರದೇ ನೆಲದಲ್ಲಿ. 80 ನಿಮಿಷಕ್ಕೆ ಸಮಬಲ. ಗೋಲ್ಡನ್ ಪಾಯಿಂಟ್, ಅಂದರೆ ಹೆಚ್ಚುವರಿ ಆಟದಲ್ಲಿ ಮೊದಲು ಅಂಕ ಗಳಿಸಿದವರದ್ದೇ ಪಂದ್ಯ. ಥರ್ಸ್ಟನ್ ಫೀಲ್ಡ್ ಗೋಲ್ ಒದ್ದ, 18-17. ಅಲ್ಲಿಂದ ಗೆಲುವಿನ ಮೇಲೆ ಗೆಲುವು, ಒಟ್ಟು ಹನ್ನೊಂದು. ಬ್ರಾಂಕೋಸ್‌ನಿಂದ ಆ ವರ್ಷವೇ ಬಂದ ಜೇಕ್ ಗ್ರ್ಯಾನ್‌ವಿಲ್ ಡಮ್ಮಿ ಹಾಫ್ ಜಾಗದಿಂದ, ಅಂದರೆ ಕೆಳಗೆ ಬಿದ್ದ ಆಟಗಾರನ ಹಿಂದಿನಿಂದ, ಚೆಂಡನ್ನು ಚುರುಕಾಗಿ ಎತ್ತಿ ಓಡುತ್ತಿದ್ದದ್ದೂ ಜೇಸನ್ ಟಾಮಲೋಲೋನ ಭಾರೀ ಓಟಗಳೂ ಆ ತಿಂಗಳುಗಳ ಆಟಕ್ಕೆ ಬೆನ್ನೆಲುಬು. ಕೋಚ್ ಪಾಲ್ ಗ್ರೀನ್ ಸ್ವತಃ ಹಾಫ್‌ಬ್ಯಾಕ್ ಆಗಿದ್ದವರು. ಅವರ ತಂಡ ಆ ಜಾಗದ ಸುತ್ತ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪಟ್ಟಿಯಲ್ಲಿ ಮೂರನೇ ಸ್ಥಾನ. ಫೈನಲ್ಸ್ ವಾರಗಳಲ್ಲಿ, ಅಂದರೆ ಪಟ್ಟಿಯ ಮೇಲಿನ ತಂಡಗಳ ಅಂತಿಮ ಸುತ್ತುಗಳಲ್ಲಿ, ಮೊದಲು ಬ್ರಾಂಕೋಸ್ ವಿರುದ್ಧ 12-16ರ ಸೋಲು. ಮೊದಲ ನಾಲ್ಕು ಸ್ಥಾನದವರಿಗೆ ಇನ್ನೊಂದು ಅವಕಾಶ ಇರುವುದರಿಂದ ಉಳಿದುಕೊಂಡರು. ಕ್ರೊನುಲ್ಲಾ ತಂಡವನ್ನು ಟೌನ್ಸ್‌ವಿಲ್‌ನಲ್ಲಿ 39-0, ಸ್ಟಾರ್ಮ್‌ಅನ್ನು ಮೆಲ್ಬರ್ನ್‌ನಲ್ಲಿ 32-12. ಹೀಗೆ ಎರಡೂ ಕ್ವೀನ್ಸ್‌ಲ್ಯಾಂಡ್ ರಾಜ್ಯದ ತಂಡಗಳೇ ಇರುವ ಮೊದಲ ಗ್ರ್ಯಾಂಡ್ ಫೈನಲ್ ಸಿಡ್ನಿಯಲ್ಲಿ ನಡೆಯಿತು.

ಈಗ ಆ ಕೊನೆಯ ಸೆಕೆಂಡುಗಳು. ಒದ್ದು ಬೆನ್ನಟ್ಟುವಷ್ಟು ಸಮಯವಿಲ್ಲ. ಥರ್ಸ್ಟನ್ ತನ್ನನ್ನು ಹಿಡಿಯಬಂದವರಿಂದ ನುಣುಚಿಕೊಂಡು ಬಲಕ್ಕೆ ಮೈಕಲ್ ಮಾರ್ಗನ್‌ಗೆ ಕೊಟ್ಟ. ಮಾರ್ಗನ್ ಓಡಿ, ರಕ್ಷಕರನ್ನು ತನ್ನ ಮೈಮೇಲೆ ಎಳೆದುಕೊಂಡು, ಬೀಳುವ ಮೊದಲು ಚೆಂಡನ್ನು ಹಿಂದಕ್ಕೆ ಚಿಮ್ಮಿಸಿದ. ಇಂಥ ಪಾಸ್ ಕೆಡುವುದು ಎರಡು ಕಾರಣಕ್ಕೆ: ಅವಸರಪಟ್ಟು ಬೇಗ ಬಿಟ್ಟರೆ ರಕ್ಷಕನು ಅಂಚಿನಲ್ಲಿ ಓಡುವ ವಿಂಗರ್ ಕಡೆಗೇ ಹೊರಳಿಕೊಳ್ಳುತ್ತಾನೆ, ಮೈ ತಿರುಗುವಾಗ ಕೈ ಮುಂದಕ್ಕೆ ಹೋದರೆ ಚೆಂಡು ಮುಂದಕ್ಕೆ ಹಾರಿ ಫೌಲ್ ಆಗುತ್ತದೆ. ಮಾರ್ಗನ್ ಎರಡನ್ನೂ ತಪ್ಪಿಸಿದ. ವಿಂಗರ್ ಕೈಲ್ ಫೆಲ್ಟ್ ಬಲ ಮೂಲೆಯಲ್ಲಿ ಚೆಂಡು ಊರಿದ. ಸೈರನ್ ಮೊಳಗಿತು. 16-16.

ಕನ್ವರ್ಷನ್ ಒಳಗೆ ಹೋದರೆ ಅಲ್ಲೇ ಕಪ್. ಆದರೆ ಟ್ರೈ ಎಲ್ಲಿ ಆಯಿತೋ ಅದರ ನೇರಕ್ಕೇ ಹಿಂದೆ ಹೋಗಿ ಒದೆಯಬೇಕು ಎಂಬುದು ನಿಯಮ. ಮೈದಾನದ ಅಗಲ 68 ಮೀಟರ್, ಕಂಬಗಳ ನಡುವೆ 5.5 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರ. ಅಂಚುಗೆರೆಯ ಹತ್ತಿರ, ಗೋಲ್ ಸಾಲಿನಿಂದ 10 ಮೀಟರ್ ಹಿಂದೆ ನಿಂತರೆ ಕಂಬಗಳ ನಡುವಿನ ಕಿಂಡಿ 3 ಡಿಗ್ರಿಯೂ ಕಾಣಿಸದು. 25 ಮೀಟರ್ ಹಿಂದೆ ಸರಿದರೆ ಸುಮಾರು 5 ಡಿಗ್ರಿ. ಅದೇ ದೂರದಲ್ಲಿ ಕಂಬಗಳ ಎದುರಿಗೇ ನಿಂತಿದ್ದರೆ 12 ಡಿಗ್ರಿಗೂ ಹೆಚ್ಚು. ಇನ್ನೂ ಹಿಂದೆ ಸರಿದರೆ ಕಿಂಡಿ ಹೆಚ್ಚು ಹಿಗ್ಗುವುದಿಲ್ಲ, ಒದೆತದ ದೂರ ಮಾತ್ರ 40 ಮೀಟರ್ ದಾಟಿ ಬೆಳೆಯುತ್ತಾ ಹೋಗುತ್ತದೆ. ಸಾಲದ್ದಕ್ಕೆ ಬಲಗಾಲಿನವರು ಒದ್ದ ಚೆಂಡು ಗಾಳಿಯಲ್ಲಿ ಬಲದಿಂದ ಎಡಕ್ಕೆ ಬಾಗುತ್ತದೆ. ಅವರಿಗೆ ಬಲ ಅಂಚು ಎಂದೂ ಕಷ್ಟದ ಕಡೆ. ಬಾಗು ಎಷ್ಟೆಂದು ಮೊದಲೇ ಅಳೆದು ಅಷ್ಟು ಆಚೆಗೆ ಗುರಿಯಿಡಬೇಕು. 80 ನಿಮಿಷ ಓಡಿದ ಕಾಲಿನಿಂದ ಇದನ್ನು ಮಾಡಬೇಕು.

ಥರ್ಸ್ಟನ್ ಒದ್ದ. ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು. ಅಷ್ಟು ಚೆನ್ನಾಗಿ ಒದ್ದ ಚೆಂಡು ಅಷ್ಟು ಅಲ್ಪದರಲ್ಲಿ ತಪ್ಪಿದ್ದನ್ನು ಎಷ್ಟು ಸಲ ನೋಡಿದರೂ ಉಸಿರು ಕಟ್ಟುತ್ತದೆ.

ಗೋಲ್ಡನ್ ಪಾಯಿಂಟ್ ಶುರುವಾಗುವುದು ಕಿಕ್-ಆಫ್‌ನಿಂದ. ಕೌಬಾಯ್ಸ್ ಒದ್ದ ಚೆಂಡು ಬ್ರಾಂಕೋಸ್‌ನ ಬೆನ್ ಹಂಟ್ ಕಡೆಗೆ ಇಳಿಯಿತು. ಹಂಟ್ ಹಿಡಿಯುವುದನ್ನು ಬಲ್ಲವನೇ. ಆದರೆ ಎತ್ತರದ ಚೆಂಡು ಹಿಡಿಯಬೇಕಾದರೆ ಮೊಳಕೈಗಳು ಒಟ್ಟಿಗಿರಬೇಕು, ಎದೆ-ತೋಳು ಸೇರಿ ತೊಟ್ಟಿಲಾಗಬೇಕು, ಚೆಂಡು ಅದರೊಳಗೆ ಬಂದು ಕೂರುವ ತನಕ ಕಣ್ಣು ಕದಲಬಾರದು. ಮುಂದೆ ಹದಿಮೂರು ಜನ ಓಡಿಬರುತ್ತಿದ್ದಾರೆಂಬ ಅರಿವಿಗೆ ಕಣ್ಣು ಅರೆಕ್ಷಣ ಮೊದಲೇ ಕೆಳಗಿಳಿದರೂ ಕೈಗಳ ನಡುವೆ ಸಂದಿಯಾಗುತ್ತದೆ. ಚೆಂಡು ಜಾರಿತು. ಎದುರಾಳಿಯ ಗೋಲ್ ಸಾಲಿನ ಹತ್ತಿರವೇ ಕೌಬಾಯ್ಸ್‌ಗೆ ಚೆಂಡು ಸಿಕ್ಕಿತು.

ಆಮೇಲಿನ ಕೆಲಸವನ್ನು ಅವರು ಎಷ್ಟು ಶಾಂತವಾಗಿ ಮಾಡಿದರು ಎಂಬುದನ್ನು ಗಮನಿಸಬೇಕು. ಫೀಲ್ಡ್ ಗೋಲಿಗೆ ಮೊದಲು ಜಾಗ ಬೇಕು: ಮುಂಪಡೆಯವರು ನೇರ ಓಡಿ ಕಂಬಗಳ ಎದುರಿಗೆ ಬಿದ್ದುಕೊಡಬೇಕು. ಬಿದ್ದವನು ಬೇಗ ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಹೊರಳಿಸಬೇಕು. ಒದೆಯುವವನು ಸಾಕಷ್ಟು ಹಿಂದೆ ನಿಂತಿರಬೇಕು, ಇಲ್ಲದಿದ್ದರೆ ಬಿದ್ದವನ ಎದುರಿಗೆ ನಿಂತ ಇಬ್ಬರು ರಕ್ಷಕರು ನುಗ್ಗಿ ಚೆಂಡಿಗೆ ಅಡ್ಡಬೀಳುತ್ತಾರೆ. ಡಮ್ಮಿ ಹಾಫ್ ಎಸೆದ ಚೆಂಡು ಸೊಂಟದ ಮಟ್ಟಕ್ಕೆ ಬರಬೇಕು; ಕಾಲ ಬುಡಕ್ಕೆ ಬಂದರೆ ಬಗ್ಗಿ ಏಳುವಷ್ಟರಲ್ಲಿ ಸಮಯ ಹೋಯಿತು. ಚೆಂಡು ಮೊನೆಯ ಮೇಲೆ ನೆಲಕ್ಕೆ ತಾಗಬೇಕು. ಅಡ್ಡ ಬಿದ್ದರೆ ಎತ್ತ ಪುಟಿಯುತ್ತದೋ ದೇವರೇ ಬಲ್ಲ.

ಎಲ್ಲವೂ ಸರಿಯಾಗಿ ಕೂಡಿಬಂತು. ಥರ್ಸ್ಟನ್ ಫೀಲ್ಡ್ ಗೋಲ್ ಒದ್ದ, 17-16. ಗ್ರ್ಯಾಂಡ್ ಫೈನಲ್ ಒಂದು ಗೋಲ್ಡನ್ ಪಾಯಿಂಟ್‌ನಲ್ಲಿ ತೀರ್ಮಾನವಾದದ್ದು ಅದೇ ಮೊದಲು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕ ಥರ್ಸ್ಟನ್‌ಗೆ. ಮರುವರ್ಷ ಫೈನಲ್ಸ್ ಪಂದ್ಯಗಳ ನಿಯಮ ಬದಲಾಯಿತು: ಸಮಬಲವಾದರೆ ಮೊದಲು 5 ನಿಮಿಷದ ಎರಡು ಅವಧಿ ಪೂರ್ತಿ ಆಡಬೇಕು, ಆಮೇಲಷ್ಟೇ ಗೋಲ್ಡನ್ ಪಾಯಿಂಟ್. ಒಂದು ಚೆಂಡು ಜಾರಿದ ಮಾತ್ರಕ್ಕೆ ಇಡೀ ವರ್ಷ ಕೈಬಿಡಬಾರದು ಎನ್ನುವವರಿಗೆ ಅದು ನ್ಯಾಯವಾಗಿಯೇ ಕಂಡಿತು.

ಬೆನ್ ಹಂಟ್ ಮುಂದೆ ಬ್ರಾಂಕೋಸ್ ಬಿಟ್ಟು ಬೇರೆಡೆ ಆಡಿ, 2025ಕ್ಕೆ ಹಿಂತಿರುಗಿದ. ಆ ವರ್ಷದ ಅಕ್ಟೋಬರ್ 5ರಂದು ಅದೇ ಸಿಡ್ನಿ ಕ್ರೀಡಾಂಗಣದಲ್ಲಿ ಬ್ರಾಂಕೋಸ್ 26-22ರಿಂದ ಸ್ಟಾರ್ಮ್‌ಅನ್ನು ಸೋಲಿಸಿದಾಗ ಅವನು ಮೈದಾನದಲ್ಲಿದ್ದ.