ಸಮುದ್ರಕ್ಕ ಜ್ವರ ಬಂದೈತೇನು?

ವಿಜಯಪುರದ ಬಿಸಿಲಲ್ಲಿ ಕೂತು ಕಾರವಾರದ ಕಡಲಿನ ಬಿಸಿ ಲೆಕ್ಕ ಹಾಕ್ತಿದ್ದೇನೆ. ಒಂದು ಕಡೆ ಉಪಗ್ರಹದ ಅಂಕಿ, ಪಕ್ಕದಲ್ಲಿ ಹಡಗಿನದ್ದು. ಎರಡೂ ತಾಳೆ ಆಗ್ತಿಲ್ಲ. ಅವ್ವ ಇಣುಕಿ ನೋಡಿ, "ಸಮುದ್ರಕ್ಕ ಜ್ವರ ಬಂದೈತೇನು?" ಅಂದಳು.

ತಪ್ಪು ಯಾರದ್ದೂ ಅಲ್ಲ. ಇನ್‌ಫ್ರಾರೆಡ್, ಅಂದ್ರೆ ಕಣ್ಣಿಗೆ ಕಾಣದ ಶಾಖದ ಕಿರಣ ಹಿಡಿಯೋ ಉಪಗ್ರಹಕ್ಕೆ ಕಾಣೋದು ನೀರಿನ ತೊಗಲು ಮಾತ್ರ, 1 ಮಿಲಿಮೀಟರ್ ದಪ್ಪವೂ ಇಲ್ಲ. ಹಡಗು ಬಿಸಿ ಅಳೆಯೋದು ಕೆಲವು ಮೀಟರ್ ಕೆಳಗಿಂದ ಎಳೆದ ನೀರಲ್ಲಿ. ಗಾಳಿ ಇಲ್ಲದ ಮಧ್ಯಾಹ್ನ ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೂ ಬಂತು. ದಂಡೆ ಹತ್ತಿರ ನೆಲದ ಬಿಸಿಯೂ ಬೆರೆಯುತ್ತೆ. ಮಳೆಗಾಲದಲ್ಲಂತೂ ಮೋಡವೇ ಅಡ್ಡ.

ತಲೆಕೆಟ್ಟು ಮಾಳಿಗೆ ಹತ್ತಿ ಟಾಕಿಗೆ ಕೈ ಹಾಕಿದೆ. ಮೇಲೆ ಸುಡು ಸುಡು, ಮೊಣಕೈವರೆಗೆ ಮುಳುಗಿಸಿದರೆ ತಣ್ಣಗೆ. ಇಷ್ಟೇ ಅಲ್ವಾ ವಿಷಯ!

"ಬಳಸೋ ನೀರಿಗೆ ಯಾಕ ಕೈ ಹಾಕ್ತೀಯೋ!" ಅಂತ ಅವ್ವ ಕೆಳಗಿಂದ ಕೂಗುತ್ತಿದ್ದಾಳೆ.