38 ಬೈಕುಗಳ ಸಾಲಿನಲ್ಲಿ ಎರಡು ದಿನ

ಬೈಕ್ ಓಡಿಸೋದು ನನಗೆ ಹೊಸದಲ್ಲ. 14 ವರ್ಷದಿಂದ ಓಡಿಸುತ್ತಿದ್ದೇನೆ. ಮಳೆ, ಬೆಟ್ಟದ ತಿರುವು, ರಾತ್ರಿ ಪ್ರಯಾಣ, ಎಲ್ಲಾ ಆಗಿದೆ. ಆದರೆ ಅದೆಲ್ಲಾ ಒಬ್ಬನೇ, ಇಲ್ಲವೇ ಇಬ್ಬರು ಮೂವರು ಗೆಳೆಯರ ಜೊತೆ. ಈಚೆಗೆ ಮೊದಲ ಸಲ 38 ಬೈಕುಗಳ ಗುಂಪಿನಲ್ಲಿ ಹೋಗಿ ಬಂದೆ. ಮೊದಲ ದಿನ 210 ಕಿಲೋಮೀಟರ್ ಹೆದ್ದಾರಿ, ಮಾರನೇ ದಿನ ಊರೊಳಗೆ 5 ಕಿಲೋಮೀಟರ್ ಮೆರವಣಿಗೆ. ಹೊರಡುವಾಗ ನನಗಿದ್ದ ಅಳುಕೆಲ್ಲಾ ಹೆದ್ದಾರಿಯದ್ದು. ಬೈಕ್ ಬೀಳಿಸಿಕೊಂಡಿದ್ದು ಮಾತ್ರ ಮೆರವಣಿಗೆಯಲ್ಲಿ, ಸ್ಪೀಡೋಮೀಟರ್ ಮುಳ್ಳು ಸೊನ್ನೆಯ ಮೇಲಿದ್ದಾಗ.

ಬೆಳಿಗ್ಗೆ ಆರಕ್ಕೆ ಹೊರಡೋದು ಅಂತ ಹೇಳಿದ್ದರು. ನಾನು ಸರಿಯಾಗಿ ಆರಕ್ಕೆ ಹೋದೆ. ಟ್ಯಾಂಕ್ ಅರ್ಧ ಖಾಲಿ. ದೊಡ್ಡ ಗುಂಪಿನಲ್ಲಿ ಆರು ಗಂಟೆ ಅಂದರೆ ಚಕ್ರ ಉರುಳುವ ಹೊತ್ತು, ಬಂದು ಸೇರುವ ಹೊತ್ತಲ್ಲ. ಅರ್ಧ ಗಂಟೆ ಮೊದಲೇ ಹೋಗಿ. ಟ್ಯಾಂಕ್ ತುಂಬಿರಲಿ, ಟಯರಿನ ಗಾಳಿ ಹಿಂದಿನ ದಿನವೇ ನೋಡಿರಿ. ನನ್ನೊಬ್ಬನ ಪೆಟ್ರೋಲಿಗಾಗಿ 37 ಜನ ಕಾದರು. ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಪೆಟ್ರೋಲಿನ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಎಲ್ಲಿ ನಿಲ್ಲಬೇಕು ಅನ್ನೋದನ್ನು ತೀರ್ಮಾನಿಸೋದು ಗುಂಪಿನ ಅತಿ ಚಿಕ್ಕ ಟ್ಯಾಂಕು. ನಿಮ್ಮದು 400 ಕಿಲೋಮೀಟರ್ ಓಡಬಹುದು, ಪಕ್ಕದವರದ್ದು 150ಕ್ಕೇ ರಿಸರ್ವ್ ಬರಬಹುದು. ನಿಂತಾಗ ಎಲ್ಲರೂ ಹಾಕಿಸಿಕೊಳ್ಳಬೇಕು. "ನನ್ನದರಲ್ಲಿ ಇನ್ನೂ ಇದೆ" ಅಂದವರೇ ಇನ್ನೊಂದು ಗಂಟೆಗೆ ಎಲ್ಲರನ್ನೂ ನಿಲ್ಲಿಸುತ್ತಾರೆ. 38 ಬೈಕು, ಎರಡು ಪಂಪು, ಒಂದಕ್ಕೆ ಎರಡು ನಿಮಿಷ ಅಂದರೂ 38 ನಿಮಿಷ ಹೋಯಿತು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರೆ ನಾವು ಕತ್ತಲಾಗುವ ಮುಂಚೆ ಊರು ಸೇರುತ್ತಿದ್ದೆವು.

ಹೊರಡುವ ಮುಂಚೆ ಹತ್ತು ನಿಮಿಷ ಮಾತುಕತೆ ಇರುತ್ತದೆ. ಮುಂದೆ ಹೋಗುವ ಲೀಡ್ ಯಾರು, ಎಲ್ಲರ ಹಿಂದೆ ಬರುವ ಸ್ವೀಪ್ ಯಾರು, ಎಲ್ಲಿ ನಿಲ್ಲೋದು, ಬೈಕ್ ಕೆಟ್ಟರೆ ಏನು ಮಾಡೋದು ಅಂತ. ಆ ಹೊತ್ತಿಗೆ ಹೆಲ್ಮೆಟ್ ಹಾಕಿಕೊಂಡು ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿಲ್ಲಬೇಡಿ. ಸ್ವೀಪ್ ಮುಖ, ಅವರ ಬೈಕು, ಜಾಕೆಟ್ಟಿನ ಬಣ್ಣ ನೋಡಿಟ್ಟುಕೊಳ್ಳಿ. ಅವರ ನಂಬರ್ ಫೋನಿನಲ್ಲಿರಲಿ. ನೀವು ಹೊಸಬರಾದರೆ ಹೊಸಬ ಅಂತ ಹೇಳಿಬಿಡಿ. ಹೊಸಬರನ್ನು ಲೀಡ್ ಹಿಂದೆಯೇ ಹಾಕುತ್ತಾರೆ. ಹಾಗೆ ಹಾಕೋದು ಅವಮಾನ ಮಾಡೋಕಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ಸುಲಭದ ಜಾಗ ಅದು. ಅನುಭವಸ್ಥ ಅಂತ ಬೀಗಿ ನಾನು 31ನೆಯವನಾಗಿ ನಿಂತೆ. ಆ ಜಾಗ ಏನು ಅಂತ ಇಪ್ಪತ್ತೇ ಕಿಲೋಮೀಟರಿಗೆ ಗೊತ್ತಾಯಿತು.

ಲೀಡ್ 60ರಲ್ಲೇ ಹೋಗುತ್ತಿದ್ದರು, ಸ್ವಲ್ಪವೂ ಹೆಚ್ಚುಕಮ್ಮಿ ಇಲ್ಲದೆ. ಹಿಂದೆ ನಾವು ಮಾತ್ರ ಒಮ್ಮೆ 85, ಒಮ್ಮೆ 40. ಕಾರಣ ಸುಲಭ. ಮುಂದಿನವನು ಒಂಚೂರು ಬ್ರೇಕ್ ಹಿಡಿದರೆ ಅದು ಹಿಂದಿನವನಿಗೆ ತಿಳಿಯೋದು ಒಂದು ಕ್ಷಣ ತಡವಾಗಿ. ಅವನು ಒಂಚೂರು ಜಾಸ್ತಿಯೇ ಹಿಡಿಯುತ್ತಾನೆ. ಅವನ ಹಿಂದಿನವನು ಇನ್ನೂ ಜಾಸ್ತಿ. ಮೂವತ್ತನೇ ಬೈಕಿನ ಹೊತ್ತಿಗೆ ಎಲ್ಲರೂ ನಿಂತೇಬಿಟ್ಟಿರುತ್ತಾರೆ. ಆಮೇಲೆ ಅಂತರ ಮುಚ್ಚೋಕೆ ಓಟ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಮೇಲಾಗಿ 60ರಲ್ಲಿ ಒಂದು ಸೆಕೆಂಡಿಗೆ ಒಂದು ಬೈಕು ಅಂದರೂ ನಮ್ಮ ಸಾಲು 600 ಮೀಟರಿಗೂ ಉದ್ದ. ಯಾವ ಸಿಗ್ನಲ್ಲೂ ಅಷ್ಟುದ್ದದ ಸಾಲನ್ನು ಒಂದೇ ಹಸಿರಿಗೆ ಬಿಡೋದಿಲ್ಲ. ಅರ್ಧ ಆಚೆ, ಅರ್ಧ ಈಚೆ.

ಅಮೆರಿಕದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ ಗುಂಪು ಐದರಿಂದ ಏಳು ಜನರಿಗೆ ಮೀರದಿರಲಿ ಅನ್ನುತ್ತದೆ. ಜಾಸ್ತಿ ಜನ ಇದ್ದರೆ ಒಡೆದು ಚಿಕ್ಕ ಗುಂಪು ಮಾಡಿ, ಪ್ರತಿಯೊಂದಕ್ಕೂ ಒಬ್ಬ ಲೀಡ್, ಒಬ್ಬ ಸ್ವೀಪ್. ಇದನ್ನು ಹೊರಡುವಾಗಲೇ ಒಬ್ಬರು ಹೇಳಿದ್ದರು. "ಒಟ್ಟಿಗೆ ಹೋದರೇ ಚಂದ" ಅಂತ ಉಳಿದವರು ಒಪ್ಪಲಿಲ್ಲ. ಆ ಉಳಿದವರಲ್ಲಿ ನಾನೂ ಒಬ್ಬ. ಮೊದಲ ನಿಲುಗಡೆಯಲ್ಲಿ ಎಲ್ಲರ ಮುಖ ನೋಡಿದ ಮೇಲೆ ಆರು ಗುಂಪು ಮಾಡಿದೆವು. ನಾಲ್ಕರಲ್ಲಿ ಆರಾರು, ಎರಡರಲ್ಲಿ ಏಳೇಳು. ಒಂದು ಗುಂಪು ಹೊರಟು ಐದು ನಿಮಿಷಕ್ಕೆ ಇನ್ನೊಂದು. ಅಲ್ಲಿಂದ ಮುಂದಿನ ದಾರಿ ಬೇರೆಯದೇ ಆಯಿತು.

ಸಾಲಿನಲ್ಲಿ ಯಾರು ಎಲ್ಲಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಲೀಡ್ ತನ್ನ ಲೇನಿನಲ್ಲಿ ರಸ್ತೆ ಮಧ್ಯದ ಕಡೆಗೆ, ಎರಡನೆಯವರು ಅಂಚಿನ ಕಡೆಗೆ, ಮೂರನೆಯವರು ಮತ್ತೆ ಮಧ್ಯಕ್ಕೆ. ಓರೆಯಾಗಿ ಮುಂದಿರುವ ಬೈಕಿಗೂ ನಿಮಗೂ ಒಂದು ಸೆಕೆಂಡ್, ನೇರ ಮುಂದಿರುವ ಬೈಕಿಗೂ ನಿಮಗೂ ಎರಡು ಸೆಕೆಂಡ್. 60ರಲ್ಲಿ ಎರಡು ಸೆಕೆಂಡ್ ಅಂದರೆ ಸುಮಾರು 33 ಮೀಟರ್. ಎಣಿಸೋದು ಕಷ್ಟವಲ್ಲ. ಮುಂದಿನ ಬೈಕು ಒಂದು ಕಂಬ ದಾಟಿದಾಗ ಎಣಿಕೆ ಶುರು ಮಾಡಿ, ನೀವು ಅದೇ ಕಂಬ ದಾಟಿದಾಗ ನಿಲ್ಲಿಸಿ. ತಿರುವು, ಕಿರಿದಾದ ದಾರಿ, ಕೆಟ್ಟ ರಸ್ತೆ ಬಂದರೆ ಈ ಓರೆ ಸಾಲು ಬೇಡ, ಒಬ್ಬರ ಹಿಂದೆ ಒಬ್ಬರು. ಹೆದ್ದಾರಿಯಲ್ಲಿ ಅಕ್ಕಪಕ್ಕ ಹೋಗೋದಂತೂ ಬೇಡವೇ ಬೇಡ. ಗುಂಡಿ ಬಂದರೆ ತಪ್ಪಿಸಿಕೊಳ್ಳೋಕೆ ಜಾಗ ಎಲ್ಲಿರುತ್ತೆ? ಯಾರಾದರೂ ನಡುವೆ ಸಾಲು ಬಿಟ್ಟರೆ ನಮ್ಮಲ್ಲಿ ಅದೇ ಬದಿಯ ಹಿಂದಿನವರು ಮುಂದಕ್ಕೆ ಬರುತ್ತಿದ್ದರು, ಅಡ್ಡ ದಾಟುತ್ತಿರಲಿಲ್ಲ. ಬೇರೆ ಗುಂಪುಗಳಲ್ಲಿ ಬೇರೆ ಪದ್ಧತಿ ಇರಬಹುದು. ಯಾವುದಾದರೂ ಸರಿ, ಹೊರಡುವ ಮುಂಚೆ ಕೇಳಿಕೊಳ್ಳಿ.

ಕೈಸನ್ನೆಗಳಲ್ಲಿ ನಾಲ್ಕೈದು ಗೊತ್ತಿದ್ದರೆ ಸಾಕು. ಒಂದು ಬೆರಳು ಮೇಲೆತ್ತಿದರೆ ಒಂಟಿ ಸಾಲು. ಟ್ಯಾಂಕ್ ಕಡೆ ಬೆರಳು ತೋರಿಸಿದರೆ ಪೆಟ್ರೋಲ್. ಮುಷ್ಟಿ ಮುಚ್ಚಿ ತೆರೆದು ಮಾಡಿದರೆ ನಿಮ್ಮ ಇಂಡಿಕೇಟರ್ ಇನ್ನೂ ಮಿನುಗುತ್ತಿದೆ ಅಂತ. ರಸ್ತೆಯ ಎಡಕ್ಕೆ ಗುಂಡಿ, ಕಲ್ಲು ಇದ್ದರೆ ಎಡಗೈಯಲ್ಲಿ ತೋರಿಸುತ್ತಾರೆ. ಬಲಕ್ಕಿದ್ದರೆ ಬಲಗಾಲು ಚಾಚುತ್ತಾರೆ, ಯಾಕಂದರೆ ಬಲಗೈ ಆಕ್ಸಿಲರೇಟರ್ ಬಿಡೋ ಹಾಗಿಲ್ಲ. ನನ್ನ ಮುಂದಿನವರು ಮೊದಲ ಸಲ ಕಾಲು ಚಾಚಿದಾಗ ಪಾಪ, ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆ. ಮರುಕ್ಷಣ ಗುಂಡಿಗೆ ಇಳಿದೆ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಮಧ್ಯಾಹ್ನದ ಹೊತ್ತು ಹೆದ್ದಾರಿ ಬಿಟ್ಟು ಪಕ್ಕದ ರಸ್ತೆಗೆ ತಿರುಗಬೇಕಿತ್ತು. ಮುಂದಿನವರು ತಿರುಗಿದರು, ನಾನೂ ತಿರುಗಿದೆ. ಕನ್ನಡಿ ನೋಡಲಿಲ್ಲ. ನನ್ನ ಹಿಂದಿನ ಹುಡುಗ ಹಿಂದಿನ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದಿದ್ದ. ಅವನು ಬಂದು ನೋಡಿದಾಗ ತಿರುವಿನಲ್ಲಿ ಯಾರೂ ಇಲ್ಲ. ನೇರ ಹೋದ. ಅವನ ಹಿಂದಿದ್ದ ಸ್ವೀಪ್ ಕೂಡ ಅವನನ್ನು ಹಿಡಿಯೋಕೆ ನೇರ ಹೋದರು. ಫೋನ್ ಮಾಡಿದೆವು. ಬೈಕ್ ಓಡಿಸುವವನಿಗೆ ಜೇಬಿನ ಫೋನ್ ಕೇಳಿಸುತ್ತಾ? ಇಬ್ಬರೂ 9 ಕಿಲೋಮೀಟರ್ ಹೋಗಿ ವಾಪಸ್ ಬಂದರು. ಹುಡುಗ ಹೆಲ್ಮೆಟ್ ತೆಗೆದಾಗ ಮುಖ ಬಿಳಿಚಿಕೊಂಡಿತ್ತು. ಒಂಟಿಯಾದೆ ಅಂತಲ್ಲ, ನಮ್ಮನ್ನು ಹಿಡಿಯೋಕೆ ಹೋಗಿ ತನ್ನ ಕೈಮೀರಿದ ವೇಗದಲ್ಲಿ ಓಡಿಸಿದ್ದನಂತೆ.

ನಿಯಮ ಇಷ್ಟೇ: ತಿರುವಿನಲ್ಲಿ ನಿಮ್ಮ ಹಿಂದಿನವರು ನಿಮ್ಮ ಕನ್ನಡಿಯಲ್ಲಿ ಕಾಣುವವರೆಗೆ ತಿರುವು ಬಿಡಬೇಡಿ. ಸುರಕ್ಷಿತ ಜಾಗದಲ್ಲಿ, ಇಂಡಿಕೇಟರ್ ಹಾಕಿ, ಕಾಣುವಂತೆ ನಿಲ್ಲಿ. ಎಲ್ಲರೂ ಹೀಗೆ ತಮ್ಮ ಹಿಂದಿನ ಒಬ್ಬರನ್ನು ನೋಡಿಕೊಂಡರೆ ಲೀಡ್‌ಗೆ ತಾನಾಗೇ ಸುದ್ದಿ ಮುಟ್ಟುತ್ತದೆ. ಹಿಂದೆ ನಿಂತರೆ ಒಬ್ಬೊಬ್ಬರಾಗಿ ಎಲ್ಲರೂ ನಿಧಾನವಾಗುತ್ತಾರೆ. ನಾನು 14 ವರ್ಷ ಮುಂದಿನ ರಸ್ತೆ ನೋಡಿಕೊಂಡು ಓಡಿಸಿದವನು. ಗುಂಪಿನಲ್ಲಿ ಕೆಲಸದ ಅರ್ಧಭಾಗ ಕನ್ನಡಿಯಲ್ಲಿದೆ.

ಓವರ್‌ಟೇಕ್ ಒಬ್ಬೊಬ್ಬರೇ ಮಾಡಬೇಕು. ಮುಂದಿನವರು ಹೋದರು ಅಂತ ನೀವೂ ನುಗ್ಗಬೇಡಿ. ಅವರಿಗೆ ಕಂಡ ಖಾಲಿ ರಸ್ತೆ ನಿಮಗೆ ಬರುವಷ್ಟರಲ್ಲಿ ಖಾಲಿ ಇರೋದಿಲ್ಲ. ದಾಟಿದ ಮೇಲೆ ಅಲ್ಲೇ ನಿಧಾನ ಮಾಡಬೇಡಿ, ಹಿಂದಿನವರಿಗೆ ಒಳಗೆ ಬರೋಕೆ ಜಾಗ ಬೇಕು. ನಡುವೆ ಕಾರು ಬಂದರೆ ಬಿಟ್ಟುಬಿಡಿ. ನಮ್ಮಲ್ಲಿ ಇಬ್ಬರು ಅಂತರ ಮುಚ್ಚಿ ಒಂದು ಕಾರನ್ನು ಅಂಚಿಗೆ ತಳ್ಳಿದರು. ರಸ್ತೆ ನಮ್ಮದಲ್ಲ ಸ್ವಾಮಿ. ಇನ್ನು ಯಾರದ್ದಾದರೂ ಬೈಕ್ ಕೆಟ್ಟರೆ ನಿಲ್ಲೋದು ಸ್ವೀಪ್ ಮಾತ್ರ. ಎಲ್ಲರೂ ಅಕ್ಕರೆಯಿಂದ ರಸ್ತೆ ಬದಿ ನಿಂತರೆ ಸಹಾಯಕ್ಕಿಂತ ಅಪಾಯವೇ ಜಾಸ್ತಿ.

ಮೆರವಣಿಗೆಗೆ ಬರೋಣ. 5 ಕಿಲೋಮೀಟರಿಗೆ ಒಂದೂಕಾಲು ಗಂಟೆ. ನಡೆಯುವವರ ವೇಗ. ರಸ್ತೆ ಬೇರೆ ವಾಹನಗಳಿಗೆ ಮುಚ್ಚಿತ್ತು, ಹಾಗಾಗಿ ಇಲ್ಲಿ ಇಬ್ಬಿಬ್ಬರು ಪಕ್ಕಪಕ್ಕ. ಹತ್ತು ನಿಮಿಷಕ್ಕೆ ಎಡಗೈ ಬೆರಳು ನೋಯೋಕೆ ಶುರುವಾಯಿತು. ಇಪ್ಪತ್ತು ನಿಮಿಷಕ್ಕೆ ಎಂಜಿನ್ ಬಿಸಿ ತೊಡೆಗೆ ಬಡಿಯಿತು. ಗಾಳಿಯಿಂದ ತಣಿಯುವ ಎಂಜಿನ್ನುಗಳಿಗೆ ಓಡುತ್ತಿದ್ದರಷ್ಟೇ ಗಾಳಿ. ನಿಂತಲ್ಲೇ ಗುರುಗುಡುತ್ತಿದ್ದರೆ ಬಿಸಿ ಏರುತ್ತಲೇ ಹೋಗುತ್ತದೆ. ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲುವ ಹಾಗಿದ್ದರೆ ಆಫ್ ಮಾಡಿ.

ಒಬ್ಬ ಹಿರಿಯರು ಹೇಳಿಕೊಟ್ಟ ಉಪಾಯ ನನಗೆ ತುಂಬಾ ಉಪಯೋಗಕ್ಕೆ ಬಂತು. ಮುಂದಿನವರು ಒಂದಡಿ ಸರಿದರೆ ನೀವೂ ಒಂದಡಿ ಸರಿಯಬೇಡಿ. ಕಾಲು ಕೆಳಗಿಟ್ಟು, ನ್ಯೂಟ್ರಲ್‌ಗೆ ಹಾಕಿ ಸುಮ್ನೆ ನಿಲ್ಲಿ. ಹತ್ತು ಮೀಟರ್ ಜಾಗ ಆದಮೇಲೆ ಒಂದೇ ಸಲ ಹೋಗಿ. ಕೈಗೂ ಆರಾಮ, ಕ್ಲಚ್ಚಿಗೂ ಆರಾಮ. ಹೋಗುವಾಗ ಕ್ಲಚ್ಚನ್ನು ಹಿಡಿತ ಸಿಗುವ ಜಾಗದಲ್ಲೇ ಆಡಿಸುತ್ತಾ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇರಬೇಕು. ಕಣ್ಣು ದೂರದಲ್ಲಿರಲಿ. ಮುಂದಿನ ಚಕ್ರ ನೋಡಿದರೆ ಬೈಕ್ ಓಲಾಡುತ್ತದೆ.

ಮುಂದಿನ ಬ್ರೇಕ್ ಬೇಡ, ಅದರಲ್ಲೂ ಹ್ಯಾಂಡಲ್ ತಿರುಗಿದ್ದಾಗ. ನಾನು ಬಿದ್ದಿದ್ದು ಹಾಗೇ. ಒಂದು ವೃತ್ತದಲ್ಲಿ ಎಡಕ್ಕೆ ತಿರುಗುತ್ತಿದ್ದೆ. ಐದಾರು ವರ್ಷದ ಹುಡುಗಿಯೊಬ್ಬಳು ಅಂಚಿನಿಂದ ಎರಡು ಹೆಜ್ಜೆ ಮುಂದೆ ಬಂದಳು, ಕೈಯಲ್ಲಿ ಬಲೂನು. ಅಭ್ಯಾಸ ಬಲದಿಂದ ಬಲಗೈ ಬ್ರೇಕ್ ಹಿಡಿಯಿತು. ಬೈಕ್ ಅಲ್ಲೇ ಗಕ್ಕನೆ ನಿಂತು ಎಡಕ್ಕೆ ವಾಲಿತು. ಎಡಗಾಲು ಇಟ್ಟೆ. ಕಾಲಡಿ ಯಾರೋ ಚೆಲ್ಲಿದ ನೀರು. ನಿಧಾನವಾಗಿ, ಮರ್ಯಾದೆಯಾಗಿ, ನೂರಾರು ಜನರ ಮುಂದೆ ಬೈಕನ್ನು ಮಲಗಿಸಿದೆ. ಹುಡುಗಿ ಚಪ್ಪಾಳೆ ತಟ್ಟಿದಳು, ಅದೂ ಕಾರ್ಯಕ್ರಮದ ಭಾಗ ಅಂದುಕೊಂಡಿರಬೇಕು. ಪಕ್ಕದವನಿಗೂ ನನಗೂ ನಡುವೆ ಒಂದು ಬೈಕ್ ಮಲಗುವಷ್ಟು ಜಾಗ ಇತ್ತು. ಅಷ್ಟೂ ಇಲ್ಲದಿದ್ದರೆ ಅವನೂ ಮಲಗುತ್ತಿದ್ದ.

ನೋಡಲು ನಿಂತ ಜನ ಯಾವಾಗಲೂ ಒಂದು ಹೆಜ್ಜೆ ಮುಂದೆ ಬರುತ್ತಾರೆ, ಮಕ್ಕಳು ಎರಡು. ಅದಕ್ಕೇ ಬೈಕಿನಿಂದ ಏನನ್ನೂ ಎಸೆಯಬೇಡಿ. ಎಸೆದದ್ದನ್ನು ಹೆಕ್ಕೋಕೆ ಮಗು ಬರೋದು ನಿಮ್ಮ ಹಿಂದಿನವರ ಚಕ್ರದ ಮುಂದೆ. ಏನಾದರೂ ಹಂಚೋದಿದ್ದರೆ ನಡೆದು ಬರುವವರು ಹಂಚಲಿ. ಇನ್ನೊಂದು, ಸುಮ್ಮಸುಮ್ಮನೆ ಆಕ್ಸಿಲರೇಟರ್ ತಿರುವಿ ಗುಡುಗಿಸೋದು. ನಮ್ಮ ಮುಂದೆ ಎರಡು ಕುದುರೆ ಇದ್ದವು. ಒಬ್ಬ ಒಂದೇ ಸಲ ಗುಡುಗಿಸಿದ. ಕುದುರೆ ಅಡ್ಡಕ್ಕೆ ಜಿಗಿಯಿತು, ಮೇಲಿದ್ದವರು ಹೇಗೋ ಸಾವರಿಸಿಕೊಂಡರು. ಆಮೇಲೆ ಅವನಿಗೆ ಸಿಕ್ಕ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಬಾವುಟ ಕಟ್ಟುವವರು ಮೆರವಣಿಗೆಯ ಬೆಳಿಗ್ಗೆಯೇ ಕಟ್ಟಿ. ಹಿಂದಿನ ದಿನವೇ ಕಟ್ಟಿದವರದ್ದು ಹೆದ್ದಾರಿಯ ಗಾಳಿಗೆ ಚಿಂದಿಯಾಗಿತ್ತು. ಹಿಂದಿನ ದೀಪ, ಇಂಡಿಕೇಟರ್ ಮುಚ್ಚಬಾರದು, ಪಕ್ಕದವರ ಮುಖಕ್ಕೆ ಬಡಿಯಬಾರದು. ವೇಷ ಹಾಕುವವರು ಜೋತಾಡುವ ಬಟ್ಟೆ ಚೈನ್ ಹತ್ತಿರ ಬರದಂತೆ ನೋಡಿಕೊಳ್ಳಿ. ವೇಗ ಐದೇ ಇದ್ದರೂ ಹೆಲ್ಮೆಟ್ ತೆಗೆಯಬೇಡಿ. ಆಂಬ್ಯುಲೆನ್ಸ್ ಬಂದರೆ ಎಲ್ಲರೂ ಯಾವ ಬದಿಗೆ ಸರಿಯೋದು ಅಂತ ಬೆಳಿಗ್ಗೆಯೇ ಮಾತಾಡಿಕೊಳ್ಳಿ. ನಮಗೆ ಬಂತು. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಸರಿದು ನಡುವೆ ಇಬ್ಬರು ಗೊಂದಲದಲ್ಲಿ ನಿಂತುಬಿಟ್ಟರು. ಅರ್ಧ ನಿಮಿಷ ಹಾಳಾಯಿತು. ಇಡೀ ಪ್ರವಾಸದಲ್ಲಿ ನನಗೆ ನಿಜಕ್ಕೂ ಬೇಸರ ಆಗಿದ್ದು ಆ ಅರ್ಧ ನಿಮಿಷಕ್ಕೆ.

ವಾಪಸ್ ಬರುವಾಗ ನಮ್ಮ ಗುಂಪಿಗೆ ನಾನೇ ಸ್ವೀಪ್ ಆಗುತ್ತೇನೆ ಅಂದೆ. ಏಳು ಜನ. ಪ್ರತಿ ನಿಲುಗಡೆಯಲ್ಲೂ ಎಣಿಸಿ ಹೊರಡಬೇಕು. ಮೊದಲ ನಿಲುಗಡೆಯಲ್ಲಿ ಎಣಿಸಿದೆ, ಆರೇ ಬಂತು. ಇನ್ನೊಮ್ಮೆ ಎಣಿಸಿದೆ, ಆರೇ. ಎದೆ ಧಸಕ್ ಅಂತು. ಹೊಳೆ ದಾಟಿದ ಪೆದ್ದರ ಹಾಗೆ ನನ್ನನ್ನೇ ಬಿಟ್ಟು ಎಣಿಸುತ್ತಿದ್ದೆ ಅಂತ ಹೇಳಿದ್ದು ಆ 9 ಕಿಲೋಮೀಟರ್ ಹುಡುಗನೇ. ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ತಮ್ಮ ತಮ್ಮ ದಾರಿ ಹಿಡಿದರು. ಸಾಲು ಬಿಡೋದಿದ್ದರೆ ಹೇಳಿ ಬಿಡಿ, ಸುಮ್ನೆ ಮಾಯವಾಗಬೇಡಿ. ಮನೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ. ಐದು ಮೆಸೇಜ್ ಎಂಟು ಗಂಟೆಯೊಳಗೆ ಬಂದವು. ಆರನೆಯದು ಬಂದಾಗ ರಾತ್ರಿ 9.40. ಅಲ್ಲಿಯವರೆಗೆ ನಾನು ಶೂ ಬಿಚ್ಚಿರಲಿಲ್ಲ.