ಬೆಳ್ಳಿ ಮುಖವಾಡದ ಹೀರೋ

ಈಗ ಮೆಕ್ಸಿಕೋದ ಎಲ್ ಸಾಂಟೋ ಸಿನಿಮಾಗಳ ಹುಚ್ಚು ಹಿಡಿದಿದೆ ನಂಗೆ. ಆಸಾಮಿ ನಿಜಜೀವನದಲ್ಲೂ ಕುಸ್ತಿ ಪೈಲ್ವಾನ, ಬೆಳ್ಳಿ ಬಣ್ಣದ ಮುಖವಾಡ, ಕೋಟು ಹಾಕ್ಕೊಂಡ್ರೂ ಅದನ್ನ ತೆಗೆಯಲ್ಲ, ಪೊಲೀಸ್ನೋರು ಪಕ್ಕದಲ್ಲೇ ಕೂತು ಕೇಸ್ ಬಗ್ಗೆ ಸೀರಿಯಸ್ಸಾಗಿ ಮಾತಾಡ್ತಾರೆ, ಏನಪ್ಪಾ ಇದು ವೇಷ ಅಂತ ಒಬ್ರೂ ಕೇಳಲ್ಲ! 1962ರ ರಕ್ತಪಿಶಾಚಿ ಹೆಂಗಸರ ಸಿನಿಮಾದಲ್ಲಂತೂ ಅಖಾಡದಲ್ಲೇ ಎದುರಾಳಿಯ ಮುಖವಾಡ ಕಿತ್ರೆ ಒಳಗಿರೋದು ತೋಳದ ಮೂತಿ. ಕಥೆ ಮಧ್ಯೆ ಸುಮ್ಸುಮ್ನೆ ಕುಸ್ತಿ ಪಂದ್ಯ ತುರುಕಿರ್ತಾರೆ, ನಂಗೆ ಅದೇ ಇಷ್ಟ. ಮುಖದಲ್ಲಿ ಒಂದು ಎಕ್ಸ್‌ಪ್ರೆಶನ್ನೂ ತೋರಿಸ್ದೆ 50ಕ್ಕೂ ಹೆಚ್ಚು ಸಿನಿಮಾ ಓಡ್ಸೋದು ಅಂದ್ರೆ ತಮಾಷೆನಾ? 1984ರಲ್ಲಿ ಟಿವಿಯಲ್ಲಿ ಮುಖವಾಡ ಸ್ವಲ್ಪ ಮೇಲೆತ್ತಿ ಮುಖ ತೋರ್ಸಿದ, ಕೆಲವೇ ದಿನಕ್ಕೆ ತೀರ್ಕೊಂಡ, ಅಂತ್ಯಸಂಸ್ಕಾರನೂ ಮುಖವಾಡದಲ್ಲೇ ಆಯ್ತು. ನಾಳೆ ಗ್ವಾನಾಹ್ವಾಟೊ ಅನ್ನೋ ಊರಿನ ಮಮ್ಮಿಗಳ (ಒಣಗಿದ ಹೆಣಗಳ) ಸಿನಿಮಾ ನೋಡ್ಬೇಕು, ಅದ್ರಲ್ಲಿ ಬ್ಲೂ ಡೀಮನ್ ಅನ್ನೋ ಇನ್ನೊಬ್ಬ ಮುಖವಾಡದ ಪೈಲ್ವಾನನೂ ಇದಾನೆ.